ಆಮ್ಲ ಮಳೆ ಎಲ್ಲಿ ಹೋಯಿತು? ಕಾನೂನು ನಿಲ್ಲಿಸಿತಾ, ತಾನಾಗಿಯೇ ನಿಂತಿತಾ?

ಮಳೆಹನಿ
ಮಗಳ ವಿಜ್ಞಾನ ಪಾಠದಲ್ಲಿ ಆಮ್ಲ ಮಳೆ ಬಂದಿದೆ. ನಾನು ಶಾಲೆಯಲ್ಲಿದ್ದಾಗ ನೋಡಿದ ಚಿತ್ರವೇ ಈಗಲೂ ಇದೆ. ಹೊಗೆ ಕಾರುವ ಚಿಮಣಿ, ಬೋಳು ಮರಗಳು, ಮೂಗು ಸವೆದ ಕಲ್ಲಿನ ಪ್ರತಿಮೆ. ಆಗ ಇದು ದೊಡ್ಡ ಭಯ. ಮಳೆಯಲ್ಲಿ ನೆನೆದರೆ ಕೂದಲು ಉದುರುತ್ತೆ ಅಂತ ಗೆಳತಿಯೊಬ್ಬಳು ಹೆದರಿಸಿದ್ದಳು, ನಾನು ನಂಬಿಯೂ ಇದ್ದೆ. ಈಗ ಸುದ್ದಿಯಲ್ಲಿ ಆ ಪದವೇ ಕೇಳುವುದಿಲ್ಲ.

"ಅಮ್ಮಾ, ಅದು ಎಲ್ಲಿ ಹೋಯ್ತು?" ಅಂತ ಮಗಳು ಕೇಳಿದಳು. ನನಗೆ ಗೊತ್ತಿರಲಿಲ್ಲ. ಸ್ವಲ್ಪ ಹುಡುಕಿ ಓದಿದೆ. ಅಮೆರಿಕ 1990ರಲ್ಲಿ ಒಂದು ಕಾನೂನು ತಂದು ವಿದ್ಯುತ್ ಸ್ಥಾವರಗಳ ಗಂಧಕದ ಹೊಗೆಗೆ ಮೂಗುದಾರ ಹಾಕಿತು, ಅದರಿಂದಲೇ ಕಡಿಮೆಯಾಯಿತು ಅಂತ ಎಲ್ಲ ಕಡೆ ಇದೆ. ನಮ್ಮನೆಯವರು ಮಾತ್ರ ಒಪ್ಪುತ್ತಿಲ್ಲ. "ಕಾನೂನಿಂದ ಏನೂ ಆಗಿಲ್ಲ. ಗಂಧಕ ಕಡಿಮೆ ಇರುವ ಕಲ್ಲಿದ್ದಲು ಅಗ್ಗಕ್ಕೆ ಸಿಕ್ಕಿತು, ಎಲ್ಲರೂ ಅದನ್ನೇ ಕೊಂಡರು, ಅಷ್ಟೇ" ಅನ್ನುತ್ತಾರೆ. ಎರಡು ದಿನದಿಂದ ಮನೆಯಲ್ಲಿ ಇದೇ ವಾದ. ತಿಳಿದವರು ಹೇಳಿ, ಯಾರು ಸರಿ?

ರಸಾಯನ ಮೇಷ್ಟ್ರು
ಮೊದಲು ಕೂದಲಿನ ವಿಷಯ ಮುಗಿಸೋಣ. ಉದುರುವುದಿಲ್ಲ :)

ಶುದ್ಧ ಮಳೆನೀರೂ ಸ್ವಲ್ಪ ಆಮ್ಲವೇ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಕರಗಿ ಅದರ ಪಿಎಚ್ ಸುಮಾರು 5.6 ಇರುತ್ತದೆ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ 1970–80ರ ದಶಕಗಳಲ್ಲಿ ಬೀಳುತ್ತಿದ್ದ ಮಳೆಯ ಪಿಎಚ್ 4.2ರ ಆಸುಪಾಸು. ಕೇಳಲು 1.4ರ ವ್ಯತ್ಯಾಸ ಅಷ್ಟೇ. ಆದರೆ ಈ ಅಳತೆಯಲ್ಲಿ ಒಂದು ಅಂಕ ಇಳಿದರೆ ಆಮ್ಲ ಹತ್ತು ಪಟ್ಟು ಏರಿದಂತೆ. ಲೆಕ್ಕ ಹಾಕಿದರೆ 25 ಪಟ್ಟು.

ಇಷ್ಟಕ್ಕೆ ಚರ್ಮಕ್ಕೇನೂ ಆಗುವುದಿಲ್ಲ. ಏಟು ಬೀಳುವುದು ಮಣ್ಣಿಗೆ, ಸರೋವರಕ್ಕೆ. ಆಮ್ಲವು ಮಣ್ಣಿನಲ್ಲಿ ಗಟ್ಟಿಯಾಗಿ ಕೂತಿರುವ ಅಲ್ಯೂಮಿನಿಯಂ ಅನ್ನು ಬಿಡಿಸಿ ನೀರಿಗೆ ತರುತ್ತದೆ. ಅದು ಮೀನಿನ ಕಿವಿರಿಗೆ ಅಂಟಿಕೊಂಡರೆ ಮೀನು ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ.

ಮೂಲ ಎರಡು. ಕಲ್ಲಿದ್ದಲು, ಎಣ್ಣೆಯಲ್ಲಿರುವ ಗಂಧಕ ಉರಿದಾಗ ಬರುವ ಸಲ್ಫರ್ ಡೈಆಕ್ಸೈಡ್ ಒಂದು. ಬಾಯ್ಲರ್, ವಾಹನಗಳ ವಿಪರೀತ ಬಿಸಿಯಲ್ಲಿ ಹುಟ್ಟುವ ನೈಟ್ರೋಜನ್ ಆಕ್ಸೈಡ್‌ಗಳು ಇನ್ನೊಂದು. ಕಾನೂನಿನ ವಿಷಯ ನನ್ನದಲ್ಲ, ಬೇರೆಯವರು ಹೇಳಲಿ.

ಸುಮ್ನೆ ಓದುವವ
ಆಮ್ಲ ಮಳೆ ಎಲ್ಲೂ ಹೋಗಿಲ್ಲ. ವರದಿ ಮಾಡುವವರು ಹೋದರು.

ಹಳೇ ಕಡತ
ಮೇಡಂ, 1990ಕ್ಕಿಂತ ಹಿಂದೆ ಏನಾಯಿತು ಅಂತ ನೋಡದೆ ಈ ಪ್ರಶ್ನೆ ಬಿಡಿಸಲು ಆಗುವುದಿಲ್ಲ. ಏಕೆಂದರೆ ಒಂದರ್ಥದಲ್ಲಿ ಹಳೆಯ ಕಾನೂನುಗಳೇ ಆಮ್ಲ ಮಳೆಯನ್ನು ಜಾಸ್ತಿ ಮಾಡಿದವು!

ಅಮೆರಿಕದ 1970ರ ಶುದ್ಧ ಗಾಳಿ ಕಾಯ್ದೆ ನೆಲಮಟ್ಟದ ಗಾಳಿ ಎಷ್ಟು ಚೊಕ್ಕ ಇರಬೇಕು ಅಂತ ಮಿತಿ ಹಾಕಿತು. ಸ್ಥಾವರದವರು ಏನು ಮಾಡಿದರು? ಚಿಮಣಿ ಎತ್ತರಿಸಿದರು. ಹೊಗೆ ಮೇಲಕ್ಕೆ ಹೋಯಿತು, ಪಕ್ಕದ ಊರಿನ ಗಾಳಿ ಚೊಕ್ಕವಾಯಿತು, ಕಾನೂನು ಪಾಲಿಸಿದ ಹಾಗೂ ಆಯಿತು. ಆ ಹೊಗೆ ನೂರಾರು ಕಿಲೋಮೀಟರ್ ತೇಲಿ ಇನ್ನೊಬ್ಬರ ಕಾಡಿನ ಮೇಲೆ ಮಳೆಯಾಗಿ ಇಳಿಯಿತು. ಕೆನಡಾದ ಸಡ್‌ಬರಿಯಲ್ಲಿ ನಿಕ್ಕಲ್ ಕರಗಿಸುವ ಕಾರ್ಖಾನೆಗೆ 1972ರಲ್ಲಿ 381 ಮೀಟರ್ ಚಿಮಣಿ ಕಟ್ಟಿದರು. ನಮ್ಮ ಮನೆ ಕಸ ಪಕ್ಕದ ಮನೆ ಬಾಗಿಲಿಗೆ ಅಂತಾರಲ್ಲ, ಅದೇ.

ಯುರೋಪಿನಲ್ಲೂ ಇದೇ ಕಥೆ. ಬ್ರಿಟನ್, ಜರ್ಮನಿಯ ಹೊಗೆ ಸ್ವೀಡನ್, ನಾರ್ವೆಯ ಸರೋವರಗಳಿಗೆ. ಸ್ವಾಂಟೆ ಓಡೆನ್ ಅನ್ನುವ ಸ್ವೀಡನ್ನಿನ ಮಣ್ಣು ವಿಜ್ಞಾನಿ 1967ರಲ್ಲಿ ಪತ್ರಿಕೆಯಲ್ಲಿ ಬರೆದು ಗಲಾಟೆ ಎಬ್ಬಿಸಿದ. 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ನಡೆದಾಗ ಸ್ವೀಡನ್ ಇದನ್ನೇ ಮುಂದಿಟ್ಟಿತು. 1979ರಲ್ಲಿ ಜಿನೀವಾದಲ್ಲಿ ಗಡಿ ದಾಟುವ ವಾಯುಮಾಲಿನ್ಯದ ಬಗ್ಗೆ ಒಪ್ಪಂದವಾಯಿತು. ಅದರಲ್ಲಿ ಅಂಕಿ ಇರಲಿಲ್ಲ, ಬರೀ ಒಳ್ಳೆ ಮಾತು. ಅಂಕಿ ಬಂದಿದ್ದು 1985ರ ಹೆಲ್ಸಿಂಕಿಯಲ್ಲಿ: 1980ರ ಮಟ್ಟದಿಂದ 1993ರೊಳಗೆ ಶೇ. 30 ಇಳಿಸಬೇಕು. ಬ್ರಿಟನ್ನೂ ಅಮೆರಿಕವೂ ಅದಕ್ಕೆ ಸಹಿ ಹಾಕಲಿಲ್ಲ.

ಕೆಂಡ
"ಇನ್ನೂ ಅಧ್ಯಯನ ಬೇಕು" ಅಂತ 1980ರ ದಶಕ ಪೂರ್ತಿ ತಳ್ಳಿದರಲ್ಲ, ಅದನ್ನೂ ಹೇಳಿ ಸ್ವಾಮಿ.

ಹಳೇ ಕಡತ
ಹೌದು. 1980ರಲ್ಲೇ ಹತ್ತು ವರ್ಷದ ಅಧ್ಯಯನಕ್ಕೆ ಕಾನೂನು ಮಾಡಿದರು. ರೇಗನ್ ಕಾಲದಲ್ಲಿ ಒಂದಾದ ಮೇಲೊಂದು ಮಸೂದೆ ಬಂದು ಬಿದ್ದುಹೋಯಿತು. ಕೆನಡಾ ಬಾಗಿಲು ತಟ್ಟುತ್ತಲೇ ಇತ್ತು.

ಲಾ ಪಾಯಿಂಟ್
ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಉದ್ದವಾಗುತ್ತೆ, ಕ್ಷಮಿಸಿ.

1990ರ ನವೆಂಬರ್ 15ರಂದು ಹಿರಿಯ ಬುಷ್ ಸಹಿ ಹಾಕಿದ ತಿದ್ದುಪಡಿ ಅದು. ಅದರ ನಾಲ್ಕನೇ ಭಾಗವೇ ಆಮ್ಲ ಮಳೆ ಕಾರ್ಯಕ್ರಮ. ಗುರಿ, ವರ್ಷದ ಸಲ್ಫರ್ ಡೈಆಕ್ಸೈಡ್ ಅನ್ನು 1980ರ ಮಟ್ಟಕ್ಕಿಂತ 1 ಕೋಟಿ ಟನ್ ಇಳಿಸುವುದು. ಹೇಗೆ ಇಳಿಸಬೇಕು ಅಂತ ಕಾನೂನು ಹೇಳಲಿಲ್ಲ. ಅದೇ ಹೊಸತು.

ಒಂದು ಟನ್ ಹೊಗೆಗೆ ಒಂದು ಪರವಾನಗಿ. ಪ್ರತಿ ಸ್ಥಾವರಕ್ಕೆ ಹಳೆಯ ಬಳಕೆ ನೋಡಿ ಇಷ್ಟು ಅಂತ ಹಂಚಿದರು. ಕಡಿಮೆ ಹೊಗೆ ಬಿಟ್ಟು ಪರವಾನಗಿ ಉಳಿಸಿದರೆ ಮಾರಬಹುದು, ಇಲ್ಲ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು. ಸಾಲದಿದ್ದರೆ ಕೊಳ್ಳಬೇಕು. ಒಂದಷ್ಟನ್ನು 1993ರಿಂದ ಶಿಕಾಗೋದಲ್ಲಿ ಹರಾಜೂ ಹಾಕಿದರು. 1995ರ ಮೊದಲ ಹಂತದಲ್ಲಿ ಹೊಗೆ ಜಾಸ್ತಿ ಬಿಡುತ್ತಿದ್ದ 110 ಸ್ಥಾವರಗಳು. ಅವುಗಳ ಹೆಸರನ್ನೇ ಕಾನೂನಿನಲ್ಲಿ ಪಟ್ಟಿ ಮಾಡಿದ್ದರು! 2000ದ ಎರಡನೇ ಹಂತದಲ್ಲಿ 25 ಮೆಗಾವಾಟ್ ಮೀರಿದ ಹೆಚ್ಚುಕಮ್ಮಿ ಎಲ್ಲವೂ ಒಳಗೆ ಬಂದವು. ಕೊನೆಗೆ ಇಡೀ ದೇಶದ ವಿದ್ಯುತ್ ಸ್ಥಾವರಗಳಿಗೆ ಸೇರಿ ಶಾಶ್ವತ ಮಿತಿ ವರ್ಷಕ್ಕೆ 89.5 ಲಕ್ಷ ಟನ್.

ಫಲ ನೋಡಿ. ಆ ಸ್ಥಾವರಗಳ ಹೊಗೆಯಲ್ಲಿ 1980ರಲ್ಲಿ ಸುಮಾರು 1 ಕೋಟಿ 73 ಲಕ್ಷ ಟನ್ ಸಲ್ಫರ್ ಡೈಆಕ್ಸೈಡ್ ಇತ್ತು. 2010ಕ್ಕೆ 52 ಲಕ್ಷದ ಹತ್ತಿರ. ಈಗ 10 ಲಕ್ಷಕ್ಕೂ ಕಡಿಮೆ.

ಕೆಂಡ
ದುಡ್ಡು ಕೊಟ್ಟು ಹೊಗೆ ಬಿಡುವ ಹಕ್ಕು ಕೊಳ್ಳುವುದು! ಪಾಪಕ್ಕೆ ಚೀಟಿ ಹರಿದು ಕೊಟ್ಟಂತೆ. ಹಣವಿದ್ದ ಕಂಪನಿ ಒಂದೇ ಕಡೆ ಹೊಗೆ ಸುರಿಯುತ್ತಾ ಕೂತರೆ ಪಕ್ಕದಲ್ಲಿರುವ ಬಡವನ ಗತಿ?

ಲಾ ಪಾಯಿಂಟ್
ಆ ಭಯ ಆಗಲೂ ಇತ್ತು, ಸುಳ್ಳು ಭಯವೂ ಅಲ್ಲ. ಆದರೆ ನಡೆದದ್ದು ಉಲ್ಟಾ. ಹೆಚ್ಚು ಹೊಗೆ ಬಿಡುತ್ತಿದ್ದ ಮಧ್ಯಪಶ್ಚಿಮದ ದೊಡ್ಡ ಸ್ಥಾವರಗಳಲ್ಲೇ ದೊಡ್ಡ ಇಳಿಕೆ ಆಯಿತು. ಕಾರಣ ಸರಳ. ಕೊಳಕು ಜಾಸ್ತಿ ಇರುವ ಕಡೆ ಒಂದು ಟನ್ ತೆಗೆಯುವ ಖರ್ಚು ಕಡಿಮೆ. ಅಲ್ಲಿ ತೆಗೆದರೆ ಮಾರಲು ಪರವಾನಗಿ ಉಳಿಯುತ್ತದೆ. ಇನ್ನೊಂದು, ಪರವಾನಗಿ ಇದೆ ಅಂತ ಸ್ಥಳೀಯ ಗಾಳಿಯ ಮಿತಿ ಮೀರುವ ಹಾಗಿರಲಿಲ್ಲ. ಅದು ಬೇರೆ ಕಾನೂನು, ಅದೂ ಜಾರಿಯಲ್ಲಿತ್ತು.

ಹಕ್ಕು ಅಂದಿರಲ್ಲ, ಕಾನೂನೇ ಸ್ಪಷ್ಟವಾಗಿ ಬರೆದಿದೆ: ಈ ಪರವಾನಗಿ ಆಸ್ತಿ ಹಕ್ಕಲ್ಲ. ಸರ್ಕಾರ ಬೇಕೆಂದಾಗ ಕಡಿತ ಮಾಡಬಹುದು, ಪರಿಹಾರ ಕೊಡಬೇಕಾಗಿಲ್ಲ.

ಬಾಯ್ಲರ್ ಅಣ್ಣ
ಮಾರುಕಟ್ಟೆ, ಹರಾಜು ಅಂತ ಎಲ್ಲರೂ ಅದನ್ನೇ ಹೊಗಳುತ್ತಾರೆ. ಬಾಯ್ಲರ್ ಮುಂದೆ 22 ವರ್ಷ ದುಡಿದವನು ನಾನು. ಕೆಲಸ ಮಾಡಿದ್ದು ಹರಾಜಲ್ಲ, ಚಿಮಣಿಯಲ್ಲಿ ಕೂರಿಸಿದ ಮೀಟರ್.

ಒಂದು ಕಥೆ ಹೇಳುತ್ತೇನೆ. ಯಾವ ದೇಶ, ಯಾವ ಕಂಪನಿ ಕೇಳಬೇಡಿ. ನಾನಿದ್ದ ಸ್ಥಾವರದಲ್ಲಿ ಸ್ಕ್ರಬ್ಬರ್ ಇತ್ತು. ಗೊತ್ತಿಲ್ಲದವರಿಗೆ: ಸುಣ್ಣದಕಲ್ಲನ್ನು ಪುಡಿ ಮಾಡಿ ನೀರಿನಲ್ಲಿ ಕಲಸಿ, ಆ ಸ್ಲರಿಯನ್ನು ಹೊಗೆಯ ಮೇಲೆ ಮಳೆಯ ಹಾಗೆ ಸುರಿಯುತ್ತಾರೆ. ಗಂಧಕ ಸುಣ್ಣಕ್ಕೆ ಅಂಟಿ ಜಿಪ್ಸಮ್ ಆಗುತ್ತದೆ. ಚೆನ್ನಾಗಿ ನಡೆದರೆ ನೂರಕ್ಕೆ 90–95 ಪಾಲು ಹಿಡಿಯುತ್ತದೆ. ನಡೆಸುವುದು ಮಾತ್ರ ತಲೆನೋವು. ನಾಝಲ್ ಕಟ್ಟಿಕೊಳ್ಳುತ್ತದೆ, ಸ್ಲರಿ ಪಂಪು ಸವೆಯುತ್ತದೆ, ನಾವೇ ಉತ್ಪಾದಿಸಿದ ಕರೆಂಟಿನಲ್ಲಿ ಶೇ. 1–2 ಅದಕ್ಕೇ ಹೋಗುತ್ತದೆ. ಹಾಗಾಗಿ ರಾತ್ರಿ ಪಾಳಿ ಬಂತೆಂದರೆ ಮೇಲಿನಿಂದ ಫೋನ್. "ಬೈಪಾಸ್ ಬಿಡ್ರಪ್ಪಾ." ಡ್ಯಾಂಪರ್ ತೆರೆದರೆ ಹೊಗೆ ಸ್ಕ್ರಬ್ಬರಿಗೆ ಹೋಗದೆ ನೇರ ಚಿಮಣಿಗೆ. ಬೆಳಿಗ್ಗೆ ಮುಚ್ಚುವುದು. ತಪಾಸಣೆಗೆ ಬರುವವರು ಹಗಲಲ್ಲೇ ಬರುತ್ತಿದ್ದರು, ಅದೂ ಮೊದಲೇ ಹೇಳಿ. ಲಾಗ್ ಪುಸ್ತಕದಲ್ಲಿ ನನ್ನ ಕೈಬರಹದಲ್ಲೇ "ಸ್ಕ್ರಬ್ಬರ್ ಚಾಲನೆಯಲ್ಲಿದೆ" ಅಂತ ಎಷ್ಟು ಸಲ ಬರೆದಿದ್ದೇನೋ.

ಕಾನೂನು ಇತ್ತು. ಯಂತ್ರವೂ ಇತ್ತು. ರಾತ್ರಿ ನೋಡುವ ಕಣ್ಣು ಇರಲಿಲ್ಲ.

ಅಮೆರಿಕದ ಕಾನೂನು ಮಾಡಿದ ಜಾಣತನ ಇಲ್ಲಿದೆ. ಚಿಮಣಿಯೊಳಗೇ ಅಳೆಯುವ ಯಂತ್ರ, ಗಂಟೆಗಂಟೆಯ ಲೆಕ್ಕ ನೇರ ಸರ್ಕಾರಕ್ಕೆ. ಯಂತ್ರ ಕೆಟ್ಟರೆ? ನಾವಾಗಿದ್ದರೆ ಆ ಗಂಟೆಗೆ ಸೊನ್ನೆ ಬರೆಯುತ್ತಿದ್ದೆವು. ಅಲ್ಲಿ ಉಲ್ಟಾ. ಲೆಕ್ಕ ಸಿಗದ ಗಂಟೆಗೆ ಜಾಸ್ತಿ ಅಂಕಿಯನ್ನೇ ಹಾಕುತ್ತಾರೆ. ಎಷ್ಟು ಹೊತ್ತು ಕೆಟ್ಟಿರುತ್ತೋ ಅಷ್ಟು ಕಠಿಣ. ಮೀಟರ್ ರಿಪೇರಿಗೆ ಮ್ಯಾನೇಜರೇ ಓಡಿ ಬರುತ್ತಾನೆ!

ರಸಾಯನ ಮೇಷ್ಟ್ರು
ಈ ಕೊನೆಯ ಮಾತು ನನಗೆ ಹೊಸದು. ಪರೀಕ್ಷೆಗೆ ಗೈರಾದ ಹುಡುಗನಿಗೆ ತರಗತಿಯ ಅತಿ ಕಡಿಮೆ ಅಂಕ ಹಾಕಿದಂತೆ. ಹಾಜರಾತಿ ನೂರಕ್ಕೆ ನೂರು ಆಗುತ್ತಿತ್ತು.

ಲಾ ಪಾಯಿಂಟ್
ಬಾಯ್ಲರ್ ಅಣ್ಣ, ಒಪ್ಪಿದೆ. ಅದರ ಜೊತೆ ದಂಡವನ್ನೂ ಸೇರಿಸಿ. ಪರವಾನಗಿ ಇಲ್ಲದೆ ಬಿಟ್ಟ ಪ್ರತಿ ಟನ್ನಿಗೆ 2,000 ಡಾಲರ್, ಹಣದುಬ್ಬರ ಏರಿದಂತೆ ಅದೂ ಏರುತ್ತದೆ. ಮೇಲೆ ಅಷ್ಟೇ ಟನ್ನನ್ನು ಮುಂದಿನ ಲೆಕ್ಕದಲ್ಲಿ ಕಡಿತ ಮಾಡುತ್ತಾರೆ. ಆಗ ಪರವಾನಗಿಯ ಬೆಲೆ ಟನ್ನಿಗೆ 100–200 ಡಾಲರ್, 1996ರಲ್ಲಿ 70ಕ್ಕೂ ಇಳಿದಿತ್ತು. ಕೋರ್ಟಿಗೆ ಎಳೆಯುವ ಮಾತಿಲ್ಲ, ಲೆಕ್ಕ ತಪ್ಪಿದರೆ ದಂಡ ತಾನಾಗಿ ಬೀಳುತ್ತದೆ. ಯಾರು ಮೋಸ ಮಾಡುತ್ತಾರೆ?

ರೈಲು ಹುಚ್ಚ
ಮೇಡಂ ಅವರ ಮನೆಯವರ ಪರ ಯಾರೂ ಮಾತಾಡುತ್ತಿಲ್ಲ. ನಾನು ಮಾತಾಡುತ್ತೇನೆ.

ವಯೋಮಿಂಗ್ ರಾಜ್ಯದ ಪೌಡರ್ ರಿವರ್ ಕಣಿವೆಯ ಕಲ್ಲಿದ್ದಲಿನಲ್ಲಿ ಗಂಧಕ ತುಂಬಾ ಕಡಿಮೆ. ಪದರ ದಪ್ಪ, ಮೇಲೇ ಇದೆ, ತೋಡುವುದು ಸುಲಭ. ತೊಂದರೆ ಒಂದೇ, ದೂರ. 1980ರಲ್ಲಿ ಅಮೆರಿಕ ಸ್ಟ್ಯಾಗರ್ಸ್ ಕಾಯ್ದೆ ತಂದು ರೈಲು ದರದ ಮೇಲಿನ ಸರ್ಕಾರಿ ಹಿಡಿತ ಸಡಿಲಿಸಿತು. ರೈಲು ಕಂಪನಿಗಳು ಪೈಪೋಟಿಗೆ ಇಳಿದವು, ಸಾಗಣೆ ದರ ಬಿತ್ತು. ಒಂದೂವರೆ ಕಿಲೋಮೀಟರ್ ಉದ್ದದ ಕಲ್ಲಿದ್ದಲು ರೈಲುಗಳು ಪೂರ್ವಕ್ಕೆ ಹೊರಟವು. ಆ ರೈಲುಗಳ ವಿಡಿಯೊ ನೋಡುತ್ತಾ ಭಾನುವಾರ ಕಳೆಯುವವನು ನಾನು, ನಗಬೇಡಿ. ಆಮ್ಲ ಮಳೆ ಕಾನೂನಿನ ಮೊದಲ ಹಂತ ಶುರುವಾಗುವ ಮೊದಲೇ ಎಷ್ಟೋ ಸ್ಥಾವರಗಳು ಈ ಕಲ್ಲಿದ್ದಲಿಗೆ ಬದಲಾಗುತ್ತಿದ್ದವು. ಪರವಾನಗಿ ಬೆಲೆ ಅಷ್ಟು ಕೆಳಗಿದ್ದಿದ್ದೇ ಅದಕ್ಕೆ. ನನ್ನ ಪ್ರಕಾರ ಆಮ್ಲ ಮಳೆಗೆ ಮದ್ದು ಹಾಕಿದ್ದು ರೈಲ್ವೆ ಕಾನೂನು!

ಮಳೆಹನಿ
ಅಯ್ಯೋ, ಹಾಗಾದರೆ ಇವರು ಗೆದ್ದರಾ? ಇದನ್ನು ನಾನು ಮನೆಯಲ್ಲಿ ಹೇಳುವುದಿಲ್ಲ.

ಲಾ ಪಾಯಿಂಟ್
ಇರಿ ಮೇಡಂ, ಸೋಲೊಪ್ಪಬೇಡಿ. ಅಗ್ಗದ ಕಲ್ಲಿದ್ದಲು ಸಿಕ್ಕಿತು, ನಿಜ. ಆದರೆ 1995ರಲ್ಲಿ, ಮೊದಲ ಹಂತದ ಮೊದಲ ವರ್ಷ, ಸೇರಿಕೊಂಡ ಘಟಕಗಳಿಗೆ ಸುಮಾರು 87 ಲಕ್ಷ ಟನ್ ಬಿಡಲು ಅವಕಾಶ ಇತ್ತು. ಬಿಟ್ಟದ್ದು 53 ಲಕ್ಷ. ರೈಲು ದರ ಅದೇ ವರ್ಷ ಹಠಾತ್ತಾಗಿ ಬೀಳಲಿಲ್ಲವಲ್ಲ? ಎರಡನೇ ಹಂತಕ್ಕೆ ಉಳಿಸಿಟ್ಟುಕೊಳ್ಳಲು ಈಗಲೇ ಹೆಚ್ಚು ಇಳಿಸಿದರು. ಅದು ಕಾನೂನು ಮಾಡಿಸಿದ ಲೆಕ್ಕಾಚಾರ.

ಇನ್ನೊಂದು. ಹಿಂದಿನ ಕಾನೂನಿನಲ್ಲಿ ಕಲ್ಲಿದ್ದಲು ಬದಲಿಸಿ ಏನೂ ಉಪಯೋಗ ಇರಲಿಲ್ಲ. 1977ರ ತಿದ್ದುಪಡಿ ಬಂದ ಮೇಲೆ ಹೊಸ ಸ್ಥಾವರಗಳು ಯಾವ ಕಲ್ಲಿದ್ದಲು ಸುಟ್ಟರೂ ಇಂತಿಷ್ಟು ಪಾಲು ಗಂಧಕ ತೆಗೆಯಲೇಬೇಕಿತ್ತು. ಅಂದರೆ ಹೆಚ್ಚುಕಮ್ಮಿ ಸ್ಕ್ರಬ್ಬರ್ ಕಡ್ಡಾಯ. ಪೂರ್ವದ ಗಂಧಕ ತುಂಬಿದ ಗಣಿಗಳನ್ನು ಉಳಿಸುವ ರಾಜಕೀಯ ಅದು. ಹಳೆಯ ಸ್ಥಾವರಗಳಿಗೆ ಆ ನಿಯಮವೂ ಇಲ್ಲ. ಹಾಗಾಗಿ ಹೊಸತು ಕಟ್ಟುವ ಬದಲು ಹಳೆಯದನ್ನೇ ಎಳೆದಾಡಿದರು. 1990ರ ಕಾನೂನು "ಹೇಗಾದರೂ ಇಳಿಸಿ" ಅಂದಿದ್ದಕ್ಕೇ ನಿಮ್ಮ ರೈಲಿಗೆ ದಾರಿ ಆಯಿತು, ರೈಲು ಹುಚ್ಚರೇ.

ಕೆಂಡ
"ಗಂಧಕ ತುಂಬಿದ ಗಣಿಗಳು" ಅಂತ ಒಂದೇ ಉಸಿರಿಗೆ ಹೇಳಿ ಮುಂದೆ ಹೋದಿರಿ. ಇಲಿನಾಯ್, ಒಹಾಯೊ, ಇಂಡಿಯಾನಾದ ಆ ಗಣಿಗಳಲ್ಲಿ ತಲೆಮಾರುಗಳಿಂದ ದುಡಿದವರ ಕೆಲಸ ಹೋಯಿತು. ಗಾಳಿ ಚೊಕ್ಕವಾದ ಲಾಭ ಎಲ್ಲರಿಗೂ, ನಷ್ಟ ಕೆಲವೇ ಊರುಗಳಿಗೆ.

ಲಾ ಪಾಯಿಂಟ್
ಈ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಕೆಲಸ ಕಳೆದುಕೊಂಡವರ ತರಬೇತಿಗೆ ಅದೇ ಕಾನೂನಿನಲ್ಲಿ ಹಣ ಇಟ್ಟಿದ್ದರು. 50 ವರ್ಷದ ಗಣಿ ಕೆಲಸಗಾರನಿಗೆ ತರಬೇತಿ ಕೊಟ್ಟು ಏನು ಮಾಡಿಸುತ್ತೀರಿ, ಅದು ಬೇರೆ ಮಾತು.

ನೀಲಿ ಛತ್ರಿ
ಎಲ್ಲರೂ ಅಮೆರಿಕದ ಸುತ್ತಲೇ ಸುತ್ತುತ್ತಿದ್ದೀರಿ. ಜರ್ಮನಿ ಪರವಾನಗಿ, ಹರಾಜು ಯಾವುದೂ ಇಲ್ಲದೆ ಅಮೆರಿಕಕ್ಕಿಂತ ಮೊದಲೇ ಮುಗಿಸಿತು. ಪಶ್ಚಿಮ ಜರ್ಮನಿಯಲ್ಲಿ 1980ರ ದಶಕದ ಶುರುವಿನಲ್ಲಿ ಕಾಡು ಸಾಯುತ್ತಿದೆ ಅನ್ನುವ ಗಾಬರಿ ಹಬ್ಬಿತು. 'ವಾಲ್ಡ್‌ಸ್ಟೆರ್ಬೆನ್', ಕಾಡಿನ ಸಾವು ಅಂತಲೇ ಅದಕ್ಕೆ ಹೆಸರು. 1983ರಲ್ಲಿ ದೊಡ್ಡ ಸ್ಥಾವರಗಳ ಹೊಗೆಗೆ ಘನ ಮೀಟರಿಗೆ 400 ಮಿಲಿಗ್ರಾಂ ಮಿತಿ ಬಂತು. ಹಳೆಯವಕ್ಕೂ ಬಿಡಲಿಲ್ಲ. ಸ್ಕ್ರಬ್ಬರ್ ಹಾಕಿ, ಇಲ್ಲ ಬಾಗಿಲು ಹಾಕಿ. ಐದಾರು ವರ್ಷದಲ್ಲಿ ಕೆಲಸ ಮುಗಿಯಿತು. ಖರ್ಚು ಜಾಸ್ತಿ ಆಯಿತು, ಒಪ್ಪುತ್ತೇನೆ. 1988ರಲ್ಲಿ ಇಡೀ ಯುರೋಪಿಯನ್ ಸಮುದಾಯಕ್ಕೆ ದೊಡ್ಡ ಸ್ಥಾವರಗಳ ನಿಯಮ ಬರಲು ಇದೇ ದಾರಿಯಾಯಿತು.

ಸುಮ್ನೆ ಓದುವವ
ಆದರೆ ಜರ್ಮನಿಯ ಕಾಡು ಸಾಯಲೇ ಇಲ್ಲವಲ್ಲ? ಸುಮ್ನೆ ಗಾಬರಿ ಹುಟ್ಟಿಸಿದರು.

ನೀಲಿ ಛತ್ರಿ
ಅಂದುಕೊಂಡಷ್ಟು ಸಾಯಲಿಲ್ಲ, ನಿಜ. ಬರ, ಕೀಟ, ಮಣ್ಣು ಎಲ್ಲ ಸೇರಿದ ಕಾಯಿಲೆಗೆ ಒಂದೇ ಕಾರಣ ಹೇಳಿದ್ದು ತಪ್ಪು. ಆದರೆ ಜೆಕ್, ಪೋಲೆಂಡ್, ಪೂರ್ವ ಜರ್ಮನಿ ಸೇರುವ ಬೆಟ್ಟಗಳನ್ನು "ಕಪ್ಪು ತ್ರಿಕೋನ" ಅಂತ ಕರೆಯುತ್ತಿದ್ದರು. ಅಲ್ಲಿ ಕಂದು ಕಲ್ಲಿದ್ದಲಿನ ಹೊಗೆಗೆ ಬೆಟ್ಟದ ಮೇಲಿನ ಕಾಡು ನಿಜವಾಗಿಯೂ ಸತ್ತಿತು. ಹೋಗಿ ಚಿತ್ರ ನೋಡಿ, ಆಮೇಲೆ "ಸುಮ್ನೆ" ಅನ್ನಿ.

ಸುಮ್ನೆ ಓದುವವ
ನೋಡಿದೆ. ಮಾತು ವಾಪಸ್.

ಹಳೇ ಕಡತ
ಸ್ವೀಡನ್ ಇನ್ನೊಂದು ದಾರಿ ಹಿಡಿಯಿತು, ಇದು ನನಗೆ ತುಂಬಾ ಇಷ್ಟ. 1992ರಲ್ಲಿ ನೈಟ್ರೋಜನ್ ಆಕ್ಸೈಡ್‌ಗೆ ಕಿಲೋಗೆ 40 ಕ್ರೋನಾ ಶುಲ್ಕ ಹಾಕಿದರು. ವಸೂಲಾದ ಹಣ ಸರ್ಕಾರದ ಬೊಕ್ಕಸಕ್ಕಲ್ಲ, ಎಷ್ಟು ಶಕ್ತಿ ಉತ್ಪಾದಿಸಿದರೋ ಆ ಲೆಕ್ಕದಲ್ಲಿ ಅದೇ ಸ್ಥಾವರಗಳಿಗೆ ವಾಪಸ್. ಕೊಳಕು ಸ್ಥಾವರ ಕಟ್ಟಿದ ಹಣ ಚೊಕ್ಕ ಸ್ಥಾವರದ ಜೇಬಿಗೆ. ಪಕ್ಕದವನ ಹಣ ಅಂದರೆ ಎಲ್ಲರಿಗೂ ಹುರುಪು.

ವಿಷಯಾಂತರ: 'ಆಮ್ಲ ಮಳೆ' ಅನ್ನುವ ಹೆಸರನ್ನು ಬಳಕೆಗೆ ತಂದವನು ರಾಬರ್ಟ್ ಆಂಗಸ್ ಸ್ಮಿತ್. ಮ್ಯಾಂಚೆಸ್ಟರ್ ಸುತ್ತಲಿನ ಮಳೆಯನ್ನು 1852ರಲ್ಲೇ ಪರೀಕ್ಷೆ ಮಾಡಿದ್ದ, 1872ರ ಪುಸ್ತಕದಲ್ಲಿ ಆ ಹೆಸರು ಬಳಸಿದ. ಅವನ ಕೆಲಸ ಏನು ಗೊತ್ತಾ? ಸೋಡಾ ಕಾರ್ಖಾನೆಗಳು ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯಲ್ಲಿ ಶೇ. 95 ಹಿಡಿಯಲೇಬೇಕು ಅಂತ ಬ್ರಿಟನ್ 1863ರಲ್ಲಿ ಆಲ್ಕಲಿ ಕಾಯ್ದೆ ತಂದಾಗ ಅದರ ಮೊದಲ ಮುಖ್ಯ ತಪಾಸಕ. ಪದ ಕೊಟ್ಟವನೇ ಹೊಗೆ ಅಳೆಯುವ ಅಧಿಕಾರಿ.

ಬಾಯ್ಲರ್ ಅಣ್ಣ
ನೋಡಿದಿರಾ, ಅವತ್ತೂ ಅಳತೆಯೇ.

ಜೀರುಂಡೆ
ಇಷ್ಟೆಲ್ಲ ಆಯಿತು, ಭಾರತದ ಮಾತು ಯಾರೂ ಎತ್ತಲಿಲ್ಲ. 2015ರ ಡಿಸೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಉಷ್ಣ ವಿದ್ಯುತ್ ಸ್ಥಾವರಗಳ ಸಲ್ಫರ್ ಡೈಆಕ್ಸೈಡಿಗೆ ಮೊದಲ ಸಲ ಮಿತಿ ಹಾಕಿತು. ಹಳೆಯ ದೊಡ್ಡ ಘಟಕಕ್ಕೆ 200 ಮಿಲಿಗ್ರಾಂ, ಚಿಕ್ಕದಕ್ಕೆ 600, 2017ರಿಂದ ಬರುವ ಹೊಸದಕ್ಕೆ 100. ಎರಡು ವರ್ಷದಲ್ಲಿ ಪಾಲಿಸಬೇಕಿತ್ತು. ಗಡುವು ಮುಂದೆ ಹೋಯಿತು, ಮತ್ತೆ ಹೋಯಿತು, ಮತ್ತೂ ಹೋಯಿತು. 2025ರ ಜುಲೈನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಘಟಕಗಳಿಗೆ ಗಂಧಕ ತೆಗೆಯುವ ಘಟಕವೇ ಬೇಡ ಅಂತ ವಿನಾಯಿತಿ ಬಂತು. ರಾಜಧಾನಿ ವಲಯ ಅಥವಾ ಜನಸಂಖ್ಯೆ ಹತ್ತು ಲಕ್ಷ ಮೀರಿದ ನಗರಗಳಿಂದ 10 ಕಿಲೋಮೀಟರ್ ಒಳಗಿರುವವಕ್ಕೆ 2027ರ ಕೊನೆಯ ಗಡುವು ಉಳಿದಿದೆ. ಮಾಲಿನ್ಯ ಜಾಸ್ತಿ ಇರುವ ಕೆಲವು ಕಡೆ ಒಂದೊಂದಾಗಿ ನೋಡಿ ತೀರ್ಮಾನಿಸುತ್ತಾರಂತೆ.

ರಸಾಯನ ಮೇಷ್ಟ್ರು
ವಿನಾಯಿತಿಯ ಪರ ಹೇಳುವವರ ವಾದವೂ ಪೂರ್ತಿ ಟೊಳ್ಳಲ್ಲ. ಭಾರತದ ಕಲ್ಲಿದ್ದಲಿನಲ್ಲಿ ಬೂದಿ ವಿಪರೀತ, ಗಂಧಕ ಕಡಿಮೆ, ಸಾಮಾನ್ಯವಾಗಿ ಶೇ. 0.5ರ ಆಸುಪಾಸು. ಮಣ್ಣಿನ ಧೂಳಿನಲ್ಲಿ ಸುಣ್ಣದ ಅಂಶ ಇರುವುದರಿಂದ ಅದು ಮಳೆಯ ಆಮ್ಲವನ್ನು ಅಲ್ಲಲ್ಲೇ ಮುರಿಯುತ್ತದೆ.

ಜೀರುಂಡೆ
ಮೇಷ್ಟ್ರೇ, ಅದು ಮಳೆಯ ವಿಷಯ. ಮಳೆ ಆಮ್ಲ ಆಗಲಿಲ್ಲ ಅಂದರೆ ಗಂಧಕ ಮಾಯವಾಯಿತು ಅಂತಲ್ಲ. ಅದು ಗಾಳಿಯಲ್ಲಿ ಸಲ್ಫೇಟ್ ಕಣವಾಗಿ ಎದೆಗೆ ಇಳಿಯುತ್ತದೆ. ಜಗತ್ತಿನಲ್ಲೇ ಅತಿ ಹೆಚ್ಚು ಸಲ್ಫರ್ ಡೈಆಕ್ಸೈಡ್ ಹೊಮ್ಮಿಸುವ ದೇಶ ಈಗ ಭಾರತ. ಅಮೆರಿಕದಲ್ಲೂ ಕಾನೂನು ಮಾಡಿದ್ದು ಮೀನಿಗಾಗಿ, ಕಾಡಿಗಾಗಿ. ಆಮೇಲೆ ಲೆಕ್ಕ ಹಾಕಿದಾಗ ಲಾಭದ ದೊಡ್ಡ ಪಾಲು ಮನುಷ್ಯರ ಶ್ವಾಸಕೋಶಕ್ಕೆ ಬಂದಿತ್ತು.

ರಸಾಯನ ಮೇಷ್ಟ್ರು
ಸರಿ. ಈ ಪಾಯಿಂಟ್ ನಿಮಗೇ.

ಮಳೆಹನಿ
ಪಾಠದಲ್ಲಿ ತಾಜ್ ಮಹಲ್ ಪ್ರಸ್ತಾಪ ಇದೆ. ಅದು?

ಲಾ ಪಾಯಿಂಟ್
ಅದು ಶಾಸನಕ್ಕಿಂತ ಕೋರ್ಟಿನ ಕಥೆ. ಪರಿಸರ ವಕೀಲ ಎಂ.ಸಿ. ಮೆಹ್ತಾ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 30ರಂದು ತೀರ್ಪು ಕೊಟ್ಟಿತು. ತಾಜ್ ಸುತ್ತಲಿನ 10,400 ಚದರ ಕಿಲೋಮೀಟರ್ ವಲಯದ 292 ಕಾರ್ಖಾನೆಗಳು ಕಲ್ಲಿದ್ದಲು ಬಿಟ್ಟು ಅನಿಲಕ್ಕೆ ಬದಲಾಗಬೇಕು, ಇಲ್ಲ ಜಾಗ ಖಾಲಿ ಮಾಡಬೇಕು. ಆದರೂ ಕಲ್ಲು ಹಳದಿಯಾಗಲು ಆಮ್ಲ ಒಂದೇ ಕಾರಣ ಅಲ್ಲ. ಧೂಳು, ಮಸಿ ಎಲ್ಲ ಸೇರಿದೆ.

ರೈಲು ಹುಚ್ಚ
ಚೀನಾ ಸೇರಿಸಿ. 2006ರಲ್ಲಿ ಸಲ್ಫರ್ ಡೈಆಕ್ಸೈಡ್ ಬಿಡುವುದರಲ್ಲಿ ಅದೇ ನಂಬರ್ ಒನ್. ಐದು ವರ್ಷದ ಯೋಜನೆಯಲ್ಲಿ ಶೇ. 10 ಇಳಿಸುವ ಗುರಿ ಇಟ್ಟು ಶೇ. 14 ಇಳಿಸಿದರು. ಶುರುವಿನಲ್ಲಿ ಬಾಯ್ಲರ್ ಅಣ್ಣ ಹೇಳಿದ ಹಾಗೇ ಸ್ಕ್ರಬ್ಬರ್ ಕಟ್ಟಿ ಓಡಿಸದೆ ಕೂತವರು ಇದ್ದರು. ಆಮೇಲೆ ಮೀಟರ್ ಕೂರಿಸಿ, ಓಡಿಸಿದವರ ಕರೆಂಟಿಗೆ ಹೆಚ್ಚು ದರ ಕೊಟ್ಟರು, ಓಡಿಸದವರಿಗೆ ಕತ್ತರಿ.

ಮಣ್ಣಿನ ಮಗ
ನಾನು ತಡವಾಗಿ ಬಂದೆ. ಒಂದು ತಮಾಷೆ ಹೇಳುತ್ತೇನೆ. ಗಂಧಕದ ಮಳೆ ಕಡಿಮೆಯಾದ ಮೇಲೆ ಉತ್ತರ ಯುರೋಪಿನಲ್ಲಿ ಸಾಸಿವೆ ಜಾತಿಯ ರೇಪ್ ಬೆಳೆಗೆ ಗಂಧಕದ ಕೊರತೆ ಬಂತು! ಎಲೆ ಹಳದಿ. ಆಕಾಶದಿಂದ ಪುಕ್ಕಟೆ ಬೀಳುತ್ತಿದ್ದ ಗೊಬ್ಬರವನ್ನು ರೈತರು ಈಗ ಚೀಲದಲ್ಲಿ ಕೊಳ್ಳಬೇಕು.

ಕೆಂಡ
ಹಾಗಂತ ಆಮ್ಲ ಮಳೆ ಒಳ್ಳೆಯದು ಅಂತೀರಾ?

ಮಣ್ಣಿನ ಮಗ
ಎಲ್ಲಿ ಹಾಗಂದೆ ಮಾರಾಯ್ರೇ! ನೀವು ಜಗಳಕ್ಕೆ ಕಾಯುತ್ತಾ ಇರುತ್ತೀರಿ.

ನೀಲಿ ಛತ್ರಿ
ಇನ್ನೊಂದು ಮರೆಯಬೇಡಿ. ಮಳೆ ಸರಿಹೋದರೂ ಮಣ್ಣು ಬೇಗ ಸರಿಹೋಗುವುದಿಲ್ಲ. ಎಷ್ಟೋ ವರ್ಷ ಆಮ್ಲ ಬಿದ್ದು ಕ್ಯಾಲ್ಸಿಯಂ ತೊಳೆದು ಹೋಗಿದೆ. ನ್ಯೂ ಹ್ಯಾಂಪ್‌ಶೈರಿನ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ 1963ರಿಂದ ಮಳೆನೀರು ಅಳೆಯುತ್ತಿದ್ದಾರೆ. ಅಲ್ಲಿ 1999ರಲ್ಲಿ ಹೆಲಿಕಾಪ್ಟರಿನಿಂದ ಕ್ಯಾಲ್ಸಿಯಂ ಪುಡಿ ಉದುರಿಸಿ ನೋಡಿದರು, ಶುಗರ್ ಮೇಪಲ್ ಮರಗಳು ಚೇತರಿಸಿಕೊಂಡವು. ಸ್ವೀಡನ್ ಸಾವಿರಾರು ಸರೋವರಗಳಿಗೆ ಸುಣ್ಣ ಹಾಕುತ್ತಲೇ ಬಂದಿದೆ. ಕಾನೂನು ಹೊಗೆಯನ್ನು ನಿಲ್ಲಿಸಬಹುದು, ಹೋದ ಕ್ಯಾಲ್ಸಿಯಂ ತರಲಾರದು.

ಮನೆಯವರು
ನಮಸ್ಕಾರ. ಆ "ಒಪ್ಪದ ಮನೆಯವರು" ನಾನೇ. ಎಲ್ಲ ಓದಿದೆ. ರೈಲು ಹುಚ್ಚರಿಗೆ ವಿಶೇಷ ಧನ್ಯವಾದ.

ಲಾ ಪಾಯಿಂಟ್ ಅವರು ಒಂದು ವಿಷಯ ಹೇಳಲಿಲ್ಲ. ಅಷ್ಟು ಹೊಗಳಿದ ಆ ಪರವಾನಗಿ ಮಾರುಕಟ್ಟೆ ಈಗ ಎಲ್ಲಿದೆ? 2005ರ ಕೊನೆಗೆ ಬೆಲೆ ಟನ್ನಿಗೆ 1,500 ಡಾಲರ್ ದಾಟಿತ್ತು. 2008ರಲ್ಲಿ, ಹೊಗೆಯನ್ನು ಇನ್ನಷ್ಟು ಇಳಿಸಲು ತಂದಿದ್ದ ಹೊಸ ನಿಯಮವನ್ನು ಕೋರ್ಟ್ ತಳ್ಳಿಹಾಕಿತು, ಬೆಲೆ ಕುಸಿಯಿತು. ಆಮೇಲೆ ಬೇರೆ ನಿಯಮಗಳು, ಅಗ್ಗದ ನೈಸರ್ಗಿಕ ಅನಿಲ ಬಂದವು, ಕಲ್ಲಿದ್ದಲು ಸ್ಥಾವರಗಳೇ ಮುಚ್ಚಿದವು. 89.5 ಲಕ್ಷದಿಂದ 10 ಲಕ್ಷದ ಕೆಳಗೆ ಇಳಿಸಿದ್ದು ನಿಮ್ಮ 1990ರ ಕಾನೂನಲ್ಲ.

ಲಾ ಪಾಯಿಂಟ್
ಸ್ವಾಗತ ಸರ್. ನೀವು ಹೇಳಿದ್ದು ಸರಿ. 1 ಕೋಟಿ 73 ಲಕ್ಷದಿಂದ 89.5 ಲಕ್ಷದವರೆಗಿನ ದಾರಿ ಮೇಡಂಗೆ, ಅಲ್ಲಿಂದ ಕೆಳಗಿನದು ನಿಮಗೆ. ಆದರೆ ಆ "ಬೇರೆ ನಿಯಮಗಳು" ಕೂಡ ಕಾನೂನೇ ಅಲ್ವಾ?

ಮನೆಯವರು
ಅನಿಲ ಕಾನೂನಲ್ಲ.

ಬಾಯ್ಲರ್ ಅಣ್ಣ
ಇಬ್ಬರೂ ಸುಮ್ಮನಿರಿ. 10 ಲಕ್ಷ ಟನ್ ಅಂತ ಅಷ್ಟು ನಿಖರವಾಗಿ ಜಗಳ ಆಡಲು ಆಗುತ್ತಿರುವುದು ಯಾಕೆ? ಮೀಟರ್ ಇರುವುದರಿಂದ!

ಮಳೆಹನಿ
ಇವರು ಪಕ್ಕದ ಕೋಣೆಯಲ್ಲಿ ಕೂತು ಇಲ್ಲಿ ಬರೆಯುತ್ತಿದ್ದಾರೆ. ಕೇಳಿದರೆ ಆಫೀಸ್ ಕೆಲಸ ಅಂದರು.

ಮಗಳಿಗೆ ಎಲ್ಲ ಓದಿ ಹೇಳಿದೆ. ಅವಳಿಗೆ ಇಷ್ಟವಾಗಿದ್ದು ರಾತ್ರಿ ಪಾಳಿಯ ಬೈಪಾಸ್ ಕಥೆ. ಅದನ್ನೇ ಪ್ರಾಜೆಕ್ಟಿನಲ್ಲಿ ನಾಟಕ ಮಾಡುತ್ತಾಳಂತೆ. ಬಾಯ್ಲರ್ ಅಣ್ಣ, ಅನುಮತಿ ಕೊಡ್ತೀರಾ?

ಬಾಯ್ಲರ್ ಅಣ್ಣ
ಧಾರಾಳವಾಗಿ. ನನ್ನ ಪಾತ್ರಕ್ಕೆ ಮೀಸೆ ಇರಲಿ.

ಲಾ ಪಾಯಿಂಟ್
ಇನ್ನೊಂದನ್ನೂ ಅವಳಿಗೆ ಹೇಳಿ. ಆ ಹರಾಜಿನಲ್ಲಿ ಯಾರು ಬೇಕಾದರೂ ಕೊಳ್ಳಬಹುದು, ಸ್ಥಾವರವೇ ಇರಬೇಕಾಗಿಲ್ಲ. 1990ರ ದಶಕದಲ್ಲಿ ಕೆಲವು ಶಾಲೆಗಳ ಮಕ್ಕಳು ಹಣ ಕೂಡಿಸಿ ಪರವಾನಗಿ ಕೊಂಡು ಬಳಸದೆ ಇಟ್ಟುಬಿಟ್ಟರು. ಒಂದು ಪರವಾನಗಿ ಇಟ್ಟರೆ ಒಂದು ಟನ್ ಹೊಗೆ ಯಾರೂ ಬಿಡುವ ಹಾಗಿಲ್ಲ. ಈಗ ಅದರ ಬೆಲೆ ಒಂದು ಡಾಲರಿಗೂ ಕಡಿಮೆ.

ಮಳೆಹನಿ
ಹೇಳಿದೆ. ತಪ್ಪು ಮಾಡಿದೆ. ನೂರು ಬೇಕಂತೆ. "ಯಾರಿಗೂ ಬೇಡವಾದದ್ದನ್ನು ಕೊಂಡು ಏನು ಮಾಡ್ತೀಯ?" ಅಂತ ಪಕ್ಕದ ಕೋಣೆಯಿಂದ ಕೂಗು ಬಂತು. ಇವಳು ಇಲ್ಲಿಂದ ತಿರುಗಿ ಕೂಗಿದಳು: "ಬೇಡವಾಗಿದ್ದು ಯಾಕೆ ಅಂತ ತಾನೇ ಅಪ್ಪಾ ಎರಡು ದಿನದಿಂದ ಜಗಳ?"